ಕತ್ತರಿಸಿದ ಗಾಲಿಕುರ್ಚಿ

ಗೋಗಿ,
ಶುಕ್ರವಾರ

ಗಾಲಿಕುರ್ಚಿ ಹಂಚಿದ ಸಾಹೇಬರಿಗೆ ಸೂಗಮ್ಮನ ನಮಸ್ಕಾರ.

ನಿಮ್ಮ ನೋಟಿಸು ಮುಟ್ಟಿತು. ಸರ್ಕಾರ ಕೊಟ್ಟ ಕುರ್ಚಿಯನ್ನು ನಾನು ಕತ್ತರಿಸಿ ಹಾಳು ಮಾಡಿದ್ದೇನೆ, ಸೋಮವಾರ ಕುರ್ಚಿಯ ಸಮೇತ ಖುದ್ದಾಗಿ ಯಾದಗಿರಿಗೆ ಬಂದು ಉತ್ತರ ಕೊಡಬೇಕು ಎಂದು ಬರೆದಿದ್ದೀರಿ. ಕತ್ತರಿಸಿದ್ದು ನಿಜ. ಹಾಳು ಮಾಡಿದ್ದು ಸುಳ್ಳು.

ನೀವು ಕೊಟ್ಟ ಕುರ್ಚಿಯನ್ನು ಮಡಚಲು ಬರುತ್ತಿರಲಿಲ್ಲ. ಹೊಲಿಗೆ ಕಲಿಸಲು ನಾನು ದಿನಾ ಶಹಾಪುರಕ್ಕೆ ಹೋಗಬೇಕು. ಕಾಲುವೆ ಸೇತುವೆಯ ಹತ್ತಿರ ಟಂಟಂ ಆಟೋ ನಿಲ್ಲಿಸಿದವರೆಲ್ಲ ಹೇಳಿದ್ದು ಒಂದೇ ಮಾತು: "ಅಕ್ಕಾ, ನೀವರೆ ಬರ್ರಿ, ಇಲ್ಲಾ ಕುರ್ಚಿನರೆ ಕಳಸ್ರಿ. ಎರಡೂ ಹಿಡಿಯಂಗಿಲ್ರಿ." ಕುರ್ಚಿ ಬಿಟ್ಟು ಹೋಗಿ, ಶಹಾಪುರದಲ್ಲಿ ಇಳಿದು ತೆವಳಬೇಕಿತ್ತೇ? ಎರಡು ವರ್ಷ ಮನೆಯಲ್ಲೇ ಕೂತೆ. ಯಾಕೆ ಕೂತಿದ್ದೀ ಎಂದು ಕೇಳಲು ನಿಮ್ಮಿಂದ ಒಂದು ನೋಟಿಸೂ ಬರಲಿಲ್ಲ.

ಕೊನೆಗೆ ನಮ್ಮೂರ ವೆಲ್ಡಿಂಗ್ ಅಂಗಡಿಯ ಮರಿಲಿಂಗಪ್ಪ ಟಂಟಂನ ಹಿಂದಿನ ಜಾಗವನ್ನು ಗೇಣಿನಲ್ಲಿ ಅಳೆದ. ಕುರ್ಚಿಯ ಅಡ್ಡ ಪೈಪು ಕತ್ತರಿಸಿ, ಬಾಗಿಲಿಗೆ ಹಾಕುವ ಬಿಜಾಗರಿ ಕೂಡಿಸಿದ. ಈಗ ಮಡಚಿದರೆ ಸೀಟಿನ ಹಿಂದೆ ನಿಲ್ಲುತ್ತದೆ.

ಸೋಮವಾರ ಬರುತ್ತೇನೆ. ಕತ್ತರಿಸಿದ್ದರಿಂದಲೇ ಬರಲು ಆಗುತ್ತಿದೆ, ಅದನ್ನೂ ನಿಮ್ಮ ಕಾಗದದಲ್ಲಿ ಬರೆದುಕೊಳ್ಳಿ. ನಿಮ್ಮ ಕೋಣೆ ಎರಡನೇ ಮಹಡಿಯಲ್ಲಿದೆಯಂತೆ, ಲಿಫ್ಟ್ ಇಲ್ಲವಂತೆ. ಕುರ್ಚಿಯನ್ನೇನೋ ನಿಮ್ಮ ಜವಾನ ಮೇಲೆ ತಂದಾನು. ನನ್ನನ್ನು ಹೊತ್ತು ತರಲು ನಾನು ಯಾರನ್ನೂ ಬಿಡುವುದಿಲ್ಲ. ಮೆಟ್ಟಿಲ ಬುಡದಲ್ಲಿ ಅದೇ ಕುರ್ಚಿಯಲ್ಲಿ ಕೂತಿರುತ್ತೇನೆ, ನೀವೇ ಇಳಿದು ಬನ್ನಿ.

ಬರುವಾಗ ಅಳತೆಯ ಟೇಪು ತನ್ನಿ. ಮುಂದಿನ ಕುರ್ಚಿಗಳಿಗೆ ಬೇಕಾಗುತ್ತದೆ.

ಇಂತಿ,
ಸೂಗಮ್ಮ, ಹೊಲಿಗೆ ಟೀಚರ್