ಕಾಲಿನ ಬಣ್ಣ ನೋಡಿ ಬನ್ನಿ ಅಂದಿದ್ದೆ

11 ಮಾರ್ಚ್ 2018, ಭಾನುವಾರ. ಬೆಳಿಗ್ಗೆ 9.30

ಜಾಲಹಳ್ಳಿ ಕ್ವಾರ್ಟರ್ಸ್ ಹಿಂದಿನ ತೋಪು. ಬಿಜ್ಜು, ಆ ಪುಟ್ಟ ಬೇಟೆಹಕ್ಕಿ, ಒಂದು ಗೊರವಂಕವನ್ನು ನೆಲಕ್ಕೆ ಒತ್ತಿ ಹಿಡಿದು, ಜೀವ ಇರುವಂತೆಯೇ ಎದೆ ಕೀಳುತ್ತಿತ್ತು. ನಮ್ಮ ಹಕ್ಕಿ ನೋಡುವ ಗ್ರೂಪಿನ ಹೆಂಗಸರೆಲ್ಲ ಮುಖ ತಿರುಗಿಸಿದರು. ನಾನು ತಿರುಗಿಸಲಿಲ್ಲ. ಹಸಿದು ಕೊಲ್ಲುವುದರಲ್ಲಿ ನಾಚಿಕೆ ಏನಿದೆ?

ಅರ್ಧ ಗಂಟೆ ಬಿಟ್ಟು ಅದೇ ಬೂದು ಬೆನ್ನು, ಅದೇ ಪಟ್ಟೆ ಬಾಲ, ಹೊಂಗೆ ಕೊಂಬೆಗೆ ಬಂದು ಕೂತಿತು. ನಮ್ಮ ಲೀಡರ್ ರಘುನಾಥ್, ರಿಟೈರ್ಡ್ ಎಂಜಿನಿಯರ್, ತೊಡೆ ಗಾತ್ರದ ಲೆನ್ಸ್ ಎತ್ತಿದ. “ಅದೇ ಬಿಜ್ಜು. ಬರ್ಕೊಳ್ಳಿ.”

ಸೊಣ್ಣಪ್ಪ ನಕ್ಕ. “ಅಲ್ಲ ಸಾ. ಚಾಣಕೋಗಿಲೆ. ಬಿಜ್ಜು ವೇಸ ಆಕ್ಕಂಡೈತೆ.”

“ಮುಖಾನೇ ಕಾಣ್ತಿಲ್ಲ, ಹೆಂಗ್ರೀ ಹೇಳ್ತೀರಾ?”

“ನಿಮ್ಮನೇರು ದೂರದಲ್ಲಿ ಬತ್ತಿದ್ರೆ ಮಕ ಕಾಣೋಗಂಟ ಕಾಯ್ತೀರಾ ಸಾ? ಕೂತ್ಮ್ಯಾಕೆ ಬಾಲ ಎಂಗೆ ಒಲಾಡಿಸ್ತು ನೋಡಿ.”

ಹಕ್ಕಿ ತಿರುಗಿತು. ಕೊಕ್ಕೆಯಿಲ್ಲದ ಕೊಕ್ಕು. ಕೋಗಿಲೆಯೇ. ರಘುನಾಥ್ ಫೋಟೋ ತೆಗೆದು ತನ್ನ ಹೆಸರಿನಲ್ಲಿ ಗ್ರೂಪಿಗೆ ಹಾಕಿದ. ಜಗಳ ಆಡಿದೆ. ಸೊಣ್ಣಪ್ಪನೇ ತಡೆದ... “ಓಗ್ಲಿ ಬಿಡಿ ಕಲಾವತಮ್ಮ.”

ಸೊಣ್ಣಪ್ಪ ಮೂವತ್ತು ವರ್ಷ ನಮ್ಮ ಕಾರ್ಖಾನೆಯ ತೋಟದಲ್ಲಿ ಕಾಂಟ್ರಾಕ್ಟ್ ಕೂಲಿ. ಪರ್ಮನೆಂಟ್ ಆಗಲೇ ಇಲ್ಲ. ಅವನಂಥವರಿಗಾಗಿ ಗೇಟಿನಲ್ಲಿ ಘೋಷಣೆ ಕೂಗಿ ಎರಡು ಸಲ ಲಾಕಪ್ಪಿಗೆ ಹೋದವಳು ನಾನು. ಬಿಡಿ ಅಂತೆ, ಬಿಡಿ!

1 ಏಪ್ರಿಲ್, ಭಾನುವಾರ

ಮಾಕಳಿಯಲ್ಲಿ, ತನ್ನ ಕೇರಿಯ ಪಕ್ಕದ ತೋಪಿನಲ್ಲಿ, ಕಂದು ಎದೆಯ ನೊಣಹಿಡುಕ ಕಂಡೆ ಎನ್ನುತ್ತಾನೆ ಸೊಣ್ಣಪ್ಪ. ವಲಸೆ ಹೋಗುವಾಗ ನಾಲ್ಕು ದಿನ ತಂಗುವ ಹಕ್ಕಿ. ಬರಿ ಕಂದು ನೊಣಹಿಡುಕಕ್ಕೂ ಅದಕ್ಕೂ ವ್ಯತ್ಯಾಸ ಕಾಲಿನಲ್ಲಿ. ಇದಕ್ಕೆ ಹಳದಿ, ಅದಕ್ಕೆ ಕಪ್ಪು. ರಘುನಾಥ್ ಲಿಸ್ಟಿಗೆ ಸೇರಿಸಲು ಒಪ್ಪಲಿಲ್ಲ. ನನಗೂ ಅನುಮಾನ.

“ಕಾಲಿನ ಬಣ್ಣ ನೋಡಿ ಬನ್ನಿ ಸೊಣ್ಣಪ್ಪ. ಬರ್ಕೊಂಡ್ ಬನ್ನಿ. ಯಾರೂ ಬಾಯಿ ಬಿಡಬಾರ್ದು.”

ನನ್ನ ಬೈನಾಕ್ಯುಲರ್ ಕೊಟ್ಟು ಕಳಿಸಿದೆ. ಗೋಣಿಚೀಲದಲ್ಲಿ ಕೂಸನ್ನು ಮಲಗಿಸಿದಂತೆ ಇಟ್ಟುಕೊಂಡ.

4 ಏಪ್ರಿಲ್, ಬುಧವಾರ

ವಾಟ್ಸಾಪ್ ತುಂಬ ಮಕ್ಕಳ ಕಳ್ಳರು. ಗೋಣಿಚೀಲದ ಮುದುಕ, ಬಿಸ್ಕತ್ ತೋರಿಸುತ್ತಾನೆ, ಕಿಡ್ನಿ ಕೀಳುತ್ತಾನೆ. ಹಕ್ಕಿ ಗ್ರೂಪಿನಲ್ಲೂ ಅದೇ ಮೆಸೇಜು, ಕೆಳಗೆ ಕೈ ಮುಗಿದ ಚಿತ್ರ. ನನ್ನ ಮಗ ಜಯಂತ್ ಊಟ ಮಾಡುತ್ತ ಫಾರ್ವರ್ಡ್ ಒತ್ತುತ್ತಿದ್ದ.

“ಸುಳ್ಳು ಕಣೋ ಅದು.”

“ನಿಂಗೇನಮ್ಮ ಗೊತ್ತು? ಪಾರ್ಸಲ್ ಕೊಡೋಕೆ ದಿನಾ ಆ ಕಡೆ ಹೋಗೋನು ನಾನು. ಮಾಕಳಿ ಹುಡುಗ್ರೆಲ್ಲ ಕಾಯ್ತಾವ್ರೆ. ಸಿಕ್ಕಿದ್ರೆ ಚಟ್ನಿ.”

ಬೈದೆ. ನಕ್ಕು ಕೈ ತೊಳೆದ. ಸೊಣ್ಣಪ್ಪನಿಗೆ ಒಂದು ಫೋನ್ ಮಾಡಬೇಕೆಂದು ನನಗೆ ಹೊಳೆಯಲಿಲ್ಲ. ಭಾಷಣ ಹೊಳೆಯಿತು.

5 ಏಪ್ರಿಲ್, ಗುರುವಾರ. ಮಧ್ಯಾಹ್ನ 3

ಹೊಡೆದಿದ್ದಾರೆ. ಸೊಣ್ಣಪ್ಪನನ್ನು. ಅವನ ಹೆಂಡತಿ ಮುನಿಕೆಂಪಮ್ಮನ ಫೋನು. ಅದೊಂದೇ ಮಾತು, ಆಮೇಲೆ ಬರಿ ಊಳಿಡುವುದು.

6 ಏಪ್ರಿಲ್

ಸರ್ಕಾರಿ ಆಸ್ಪತ್ರೆ. ದವಡೆ ಎರಡು ಕಡೆ ಮುರಿದಿದೆ. ಎಡಗಣ್ಣು ಇಲ್ಲ. ಪಕ್ಕೆಲುಬು ಶ್ವಾಸಕೋಶಕ್ಕೆ ಚುಚ್ಚಿದೆ. ಬೆರಳುಗಳನ್ನು ಕಲ್ಲಿನಿಂದ ಜಜ್ಜಿದ್ದಾರೆ, ಒಂದೊಂದಾಗಿ.

ಮುನಿಕೆಂಪಮ್ಮ ಹೇಳಿದ್ದು: ತೋಪಿನ ಬೇಲಿಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದನಂತೆ. ಪಕ್ಕದಲ್ಲೇ ಅಂಗನವಾಡಿ. ಹಕ್ಕಿ ಎಲೆಯೊಳಗೆ ಅಡಗಿತ್ತು. ಹೊರಗೆ ಕರೆಯಲು ಅಂಗೈ ಹಿಂಬದಿಗೆ ತುಟಿ ಒತ್ತಿ ಪಿಶ್ ಪಿಶ್ ಎಂದು ಮರಿಯ ದನಿ ಮಾಡಿದ. ನಾವೆಲ್ಲ ಮಾಡುವುದು ಅದನ್ನೇ. ಆ ಸದ್ದಿಗೆ ಮೊದಲು ಬಂದದ್ದು ಮಕ್ಕಳು. ಆಮೇಲೆ ಜನ.

“ನಾನ್ ಇದೇ ಊರೋನು ಅಂದ್ನಂತೆ ಕಣಕ್ಕಾ. ಒಡ್ದೋರ್ಗೆಲ್ಲ ಇವಂದು ಒಸ ಮಕ, ಅವ್ರೆಲ್ಲ ಲೇಔಟಿನೋರು, ಗಾಡಿಗೋಳ್ನೋರು. ಯಾರ್ ಕೇಳ್ತಾರೆ?”

ಇದೇ ಬೇಲಿಯಲ್ಲಿ ರಘುನಾಥ್ ಹೋದ ವರ್ಷ ಮೂರು ದಿನ ಕೂತಿದ್ದ. ಇದೇ ಪಿಶ್ ಪಿಶ್. ಅಂಗನವಾಡಿ ಆಯಾ ಅವನಿಗೆ ಮಜ್ಜಿಗೆ ತಂದುಕೊಟ್ಟಿದ್ದಳು. ಬಿಳಿ ತೊಗಲಿನ ಮೇಲೆ ಲೆನ್ಸ್ ನೇತಾಡಿದರೆ ಸಾಹೇಬ. ಕರಿ ತೊಗಲಿನ ಹೆಗಲಲ್ಲಿ ಗೋಣಿ ಇದ್ದರೆ ಕಳ್ಳ. ಥೂ ನಿಮ್ಮ ಕಣ್ಣಿಗೆ ಬೆಂಕಿ ಬೀಳ!

ಕಳಿಸಿದವಳು ನಾನು. ಅನುಮಾನ ಪಟ್ಟವಳು ನಾನು.

9 ಏಪ್ರಿಲ್, ಸೋಮವಾರ

ರಘುನಾಥ್ ಕಳಿಸಿದ ವಿಡಿಯೋ. “ವೆರಿ ಸ್ಯಾಡ್. ಮುಖಗಳು ಸ್ಪಷ್ಟ ಇಲ್ಲ, ಪೊಲೀಸ್‌ಗೂ ಕಷ್ಟ.”

ಐವತ್ತೆರಡು ಸೆಕೆಂಡು. ಸೊಣ್ಣಪ್ಪ ನೆಲದಲ್ಲಿ ಮುದುರಿದ್ದಾನೆ. ಕಾಲುಗಳು, ದೊಣ್ಣೆಗಳು. ಕಪ್ಪು ಹೆಲ್ಮೆಟ್ಟಿನವನೊಬ್ಬ ಓಡಿ ಬರುತ್ತಾನೆ. ಗ್ಲಾಸ್ ಇಳಿದಿದೆ. ಓಡುವಾಗ ಎಡಗಾಲು ಹೊರಕ್ಕೆ ಎಸೆಯುತ್ತಾನೆ. ಬಂದ ರಭಸಕ್ಕೇ ಬಾಯಿಗೆ ಒದೆಯುತ್ತಾನೆ. ಮತ್ತೆ ಹಿಂದೆ ಹೋಗಿ, ಮತ್ತೆ ಓಡಿ ಬಂದು...

ಮುಖ ಬೇಕಾಗಲಿಲ್ಲ.

ಆ ಎಡಗಾಲು ಎರಡನೇ ಕ್ಲಾಸಿನಲ್ಲಿ ಮುರಿದಿತ್ತು. ಪ್ಲಾಸ್ಟರ್ ಹಾಕಿದ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಯೂನಿಯನ್ ಮೆರವಣಿಗೆಗೆ ಹೋಗಿದ್ದೆ.

ನಲವತ್ತು ಸಲ ನೋಡಿದೆ. ಬೇರೆ ಯಾರೋ ಇರಲಿ ಎಂದು ನೋಡಿದೆ. ಅಲ್ಲ. ಅವನೇ.

ಸಂಜೆ 6

ಅವನ ಡೆಲಿವರಿ ಬ್ಯಾಗ್ ಸುರಿದೆ. ನನ್ನ ಬೈನಾಕ್ಯುಲರ್. ಪಟ್ಟಿಯ ಮೇಲೆ ಕಂದು ಕಲೆ. ಜಯಂತ್ ಬಂದ. ಅದನ್ನು ಟೇಬಲ್ ಮೇಲಿಟ್ಟು ಕೂತಿದ್ದೆ.

“ಗೋಣೀಲಿ ಇದನ್ ನೋಡಿ ತಲೆ ಕೆಟ್ಟೋಯ್ತಮ್ಮ. ನಿನ್ನೇ ಏನೋ ಮಾಡ್ಬಿಟ್ಟವ್ನೆ ಅನ್ಕೊಂಡೆ.”

“ಏನಂದ ಅವ್ನು?”

“...ಅಮ್ಮಾವ್ರು ಕೊಟ್ರು ಅಂದ.”

“ಆಮೇಲೆ?”

“ಯಾವ್ ಕಳ್ಳ ತಾನೆ ಹಂಗನ್ನಲ್ಲ?”

“ನಂಗೊಂದ್ ಫೋನ್ ಮಾಡೋಕೆ ಏನಾಗಿತ್ತೋ?”

“ಫೋನ್ ಫ್ರೆಂಡ್ ಕೈಲಿತ್ತು. ಅದ್ರಲ್ಲೇ ವಿಡಿಯೋ ಮಾಡ್ತಿದ್ದ.”

ಹೊಡೆದೆ. ಚಪ್ಪಲಿ ಕಿತ್ತುಹೋಗುವವರೆಗೆ ಹೊಡೆದೆ. ತುಟಿ ಒಡೆದು ರಕ್ತ ಬಂತು. ಆ ರಕ್ತ ನೋಡಿ ನನ್ನ ಕೈ ಇನ್ನೂ ಜೋರಾಯಿತು. ನಿಲ್ಲಿಸಲು ಆಗಲಿಲ್ಲ. ಹಿತವಾಯಿತು. ಬರೆದಿಡುತ್ತೇನೆ. ಹಿತವಾಯಿತು.

“ನಾನೊಬ್ನೇ ಅಲ್ಲಮ್ಮ! ನಲವತ್ ಜನ ಹೊಡೆದ್ರು!”

“ನಾನು ಹೆತ್ತಿದ್ದು ನಲವತ್ ಜನಾನ ಅಲ್ಲ.”

12 ಏಪ್ರಿಲ್

ಪೊಲೀಸಿನವರು ಕೇರಿಯ ಮೂವರನ್ನು ಎಳೆದುಕೊಂಡು ಹೋಗಿದ್ದಾರೆ. ಸೊಣ್ಣಪ್ಪನನ್ನು ಬಿಡಿಸಲು ಬಂದ ಹುಡುಗರು! ಬೂಟಿನಲ್ಲಿ ಮೊಣಕಾಲು ಒಡೆದಿದ್ದಾರಂತೆ. ಕೇಸು ಮುಗಿಸಲು ಮೂರು ಕರಿ ಮುಖ ಸಾಕು. ಇನ್‌ಸ್ಪೆಕ್ಟರ್ ಎದುರು ಟೇಬಲ್ ಗುದ್ದಿದೆ.

“ಹೆಲ್ಮೆಟ್‌ನೋನು ಯಾರು ಅಂತ ನಿಮಗ್ ಗೊತ್ತೇನ್ರೀ? ಗೊತ್ತಿದ್ರೆ ಬರ್ದುಕೊಡಿ. ಇಲ್ಲಾಂದ್ರೆ ಕೂಗಾಡ್ಬೇಡಿ, ಎದ್ದು ನಡೀರಿ.”

ನಡೆದೆ. ಬಾಯಿ ಮುಚ್ಚಿಕೊಂಡು ನಡೆದೆ. ಬದುಕಿನಲ್ಲಿ ಮೊದಲ ಸಲ.

17 ಏಪ್ರಿಲ್, ಮಂಗಳವಾರ

ನಿನ್ನೆ ಸತ್ತ. ಇವತ್ತು ಮಣ್ಣು.

ಹೆಣದ ಬಾಯಿ ಮುಚ್ಚಲು ಆಗಲಿಲ್ಲ. ದವಡೆ ನಿಲ್ಲುತ್ತಿರಲಿಲ್ಲ. ಟವೆಲ್ ಕಟ್ಟಿದರು. ಜಯಂತ್ ಹುಟ್ಟಿದಾಗ ನನಗೆ ಬಾಣಂತನ ಮಾಡಿದ ನೀಲಕ್ಕ ನನ್ನನ್ನು ಗುಂಡಿಯ ಬಳಿಯಿಂದ ಪಕ್ಕಕ್ಕೆ ಎಳೆದಳು. ಅವಳಿಗೆ ಮಾತ್ರ ಹೇಳಿದ್ದೆ.

“ಓದೋನು ಓದ. ಇರೋನ್ನ ಯಾಕ್ ಜೈಲಿಗ್ ಆಕ್ತೀಯ? ನಮ್ದೇ ಕುಲದ್ ಕೂಸು ಕಣೇ.”

“ಇವ್ನು ಯಾರ್ ಕುಲ ನೀಲಕ್ಕ?”

ನೀಲಕ್ಕ ಮಣ್ಣು ಹಾಕಲು ಹೋದಳು. ಒಳಗಿರುವ ಮೂವರ ತಾಯಂದಿರು ಎದುರಿಗೇ ನಿಂತಿದ್ದರು. ನನ್ನ ಕೈ ಹಿಡಿದರು. ನೀವೇ ಬಿಡಿಸ್ಬೇಕು ಕಲಾವತಮ್ಮ, ನೀವೇ ನಮಗೆ ದಿಕ್ಕು ಎಂದರು.

18 ಏಪ್ರಿಲ್, ಬುಧವಾರ. ಬೆಳಿಗ್ಗೆ 7.10

ಬಾಯಲ್ಲಿ ಹೇಳಿದರೆ ತಿರುಚುತ್ತಾರೆ. ಬರೆದೇ ಒಯ್ಯಬೇಕು. ಇಲ್ಲಿ ಕರಡು. ಆಮೇಲೆ ಬಿಳಿ ಹಾಳೆಗೆ.

ನಾನು ಬರೆಯುತ್ತಿರುವುದು ಜಯಂತ್‌ಗೆ ಗೊತ್ತಾಗಿದೆ. ರೂಮಿನ ಬಾಗಿಲಿಗೆ ಚಿಲಕ ಹಾಕಿ ಕೂತಿದ್ದೇನೆ.

“ಅಮ್ಮಾ, ತೆಗಿ. ಮಾತಾಡಣ. ಮೂರ್ ವರ್ಷ ಅಲ್ಲಮ್ಮ, ಲೈಫ್ ಆಗತ್ತೆ ಅಂತಾವ್ರೆ ಲಾಯರ್ರು. ಅಮ್ಮಾ!”

ಅಳುತ್ತಿದ್ದಾನೆ. ಐದು ನಿಮಿಷ ಪೆನ್ ಕೆಳಗಿಟ್ಟಿದ್ದೆ. ಎತ್ತಿಕೊಂಡೆ.

ಈಗ ಅಳು ಇಲ್ಲ. “ತೆಗಿಯೇ! ನಿನ್ನ ಕೊಂದಾಕ್ಬಿಡ್ತೀನಿ!” ಬಾಗಿಲಿಗೆ ಭುಜ ಕೊಟ್ಟು ಗುದ್ದುತ್ತಿದ್ದಾನೆ. ಚಿಲಕದ ಒಂದು ಮೊಳೆ ಬಿತ್ತು. ಬೀಳಲಿ.

ಮಾನ್ಯ ಇನ್‌ಸ್ಪೆಕ್ಟರ್ ಅವರಿಗೆ. ಬಂಧಿಸಿರುವ ಮೂವರೂ ನಿರಪರಾಧಿಗಳು. ವಿಡಿಯೋದಲ್ಲಿ ಹೆಲ್ಮೆಟ್ ಧರಿಸಿ ಸೊಣ್ಣಪ್ಪನವರ ಬಾಯಿಗೆ ಒದ್ದವನನ್ನು ನಾನು ಬಲ್ಲೆ. ಹೆಸರು ಜಯಂತ್. ವಯಸ್ಸು ಇಪ್ಪತ್ತೈದು. ವಾಸ ಜಾಲಹಳ್ಳಿ. ತಾಯಿಯ ಹೆಸರು ಕಲಾ