ಊರೆಲ್ಲ ಸುತ್ತಿದ ಚೀಟಿ

ಪೆನ್ನಾಗರಂ
12-3-2024

ಪ್ರೀತಿಯ ಮೊಮ್ಮಗಳು ಮೇನಕಾಗೆ,

ಮೈ ಹುಷಾರಾಗಿದೆಯಾ? ಅಜ್ಜಿಯ ರಿಪೋರ್ಟ್ ನಿನ್ನ ಲ್ಯಾಬಿನಲ್ಲಿ ಒಂದು ದಿನ ತಡವಾದ್ದಕ್ಕೇ ಅವಳು ಹೋದಳು ಅಂತ ಕೊರಗಿ ಊಟ ಬಿಟ್ಟಿದ್ದೀಯೆಂದು ನಿಮ್ಮಪ್ಪ ಹೇಳಿದ. ಹಾಸ್ಟೆಲ್ ಸಾಂಬಾರು ನೀರಾಗಿದ್ದರೂ ಉಣ್ಣು. ಫೋನಿನಲ್ಲಿ ನಿನ್ನ ದನಿ ಕೇಳಿದರೆ ನನ್ನ ಬಾಯಿ ಕಟ್ಟುತ್ತದೆ, ಅದಕ್ಕೇ ಕಾಗದ. ಈ ತಮಿಳುನಾಡಿನಲ್ಲಿ ನಾನೇ ಕಲಿಸಿದ ಕನ್ನಡ, ಓದಲು ಬರುವುದಿಲ್ಲ ಅನ್ನುವ ಹಾಗಿಲ್ಲ! ನಿನ್ನ ಅಜ್ಜಿ ಹೋಗಿ ಇಪ್ಪತ್ತು ದಿನವಾಯಿತು, ನನಗಿನ್ನೂ ಅಳು ಬಂದಿಲ್ಲ. ಬೆಳಿಗ್ಗೆ ಮೇಕೆ ಬಿಡುತ್ತೇನೆ, ಸಂಜೆ ಕಟ್ಟುತ್ತೇನೆ. ನಡುವೆ ಏನು ಮಾಡಿದೆ ಅಂದರೆ ಗೊತ್ತಿಲ್ಲ.

ತಿಥಿಗೆ ಬಂದಾಗ ನಿನ್ನ ಕೆಲಸ ವಿವರಿಸಿದೆಯಲ್ಲ. ಉರಿಮೂತ್ರ, ಜ್ವರ ಅಂತ ಬಂದವರ ಕ್ರಿಮಿಯನ್ನು ತಟ್ಟೆಯಲ್ಲಿ ಬೆಳೆಸಿ, ಔಷಧಿಯ ಬಿಲ್ಲೆಗಳನ್ನಿಟ್ಟು, ಯಾವುದಕ್ಕೆ ಸಾಯುತ್ತದೆ, ಯಾವುದಕ್ಕೆ ಜಗ್ಗುವುದಿಲ್ಲ ಅಂತ ತಿಂಗಳು ತಿಂಗಳು ಬರೆದಿಡುವುದು. ನಮ್ಮ ಕಡೆಯ ಕ್ರಿಮಿಗೆ ಒಂದು ಮಾತ್ರೆ ಈಗ ನಾಟುವುದೇ ಇಲ್ಲ ಅಂದೆ. ಅದರ ಹೆಸರು ಕೇಳಿ ನಾನು ಎದ್ದುಹೋದೆ. ಆ ಹೆಸರು ನನ್ನ ಚೀಟಿಯಲ್ಲಿದೆ. ಆರು ವರ್ಷದ ಹಿಂದೆ ಧರ್ಮಪುರಿಯ ಡಾಕ್ಟರು ನನ್ನ ಉರಿಮೂತ್ರಕ್ಕೆ ಬರೆದುಕೊಟ್ಟ ಔಷಧಿ ಚೀಟಿ. ಎರಡೇ ದಿನಕ್ಕೆ ಉರಿ ನಿಂತಿತ್ತು. ನಾನೋ, ಅದಕ್ಕೆ ಲ್ಯಾಮಿನೇಷನ್ ಮಾಡಿಸಿದೆ! ಆಮೇಲೆ ಯಾರಿಗೆ ಜ್ವರ ಬಂದರೂ "ಸಣ್ಣಯ್ಯಣ್ಣ, ಚೀಟಿ ಕೊಡಣ್ಣೋ, ಮೆಡಿಕಲ್‌ಗೆ ಓಗಿ ಬತ್ತೀವಿ" ಅಂತ ಬರುವರು. ನಾಲ್ಕು ಮಾತ್ರೆಗೆ ವಾಸಿಯಾದರೆ ಉಳಿದದ್ದು ಪಕ್ಕದ ಮನೆಗೆ. ನನ್ನ ಕೈಗುಣ ಅಂದರು, ಮೀಸೆ ತಿರುವಿದೆ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ.

ಮೊನ್ನೆ ಎದುರುಮನೆಯ ಪೂಂಗೊಡಿ ಮಗುವಿನ ಕೆಮ್ಮಿಗೆ ಅಂತ ಚೀಟಿ ಕೇಳಿದಳು. ಕೊಡಲಿಲ್ಲ, ಆಸ್ಪತ್ರೆಗೆ ಹೋಗು ಅಂದೆ. "ಎಂಡ್ತಿ ಓದ್ಮೇಲೆ ಇವ್ರ ಮನ್ಸು ಕಲ್ಲಾಗೋಯ್ತು" ಅಂತ ಗೊಣಗುತ್ತ ಹೋದಳು. ಅನ್ನಲಿ. ಸುಳ್ಳೇನಲ್ಲ.

ನಿನ್ನ ಜೊತೆಯ ಹುಡುಗಿಯರಿಗೂ ನನ್ನ ಆಶೀರ್ವಾದ ಹೇಳು. ಮಲೆ ಮಾದಪ್ಪ ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ತಾತ,
ಸಣ್ಣಯ್ಯ

ಇನ್ನೊಂದು ಮಾತು. ಅಜ್ಜಿಯನ್ನು ಆಸ್ಪತ್ರೆಗೆ ಸೇರಿಸಿದ ದಿನ, ಮನೆಯಲ್ಲಿ ಏನಾದರೂ ಮಾತ್ರೆ ಕೊಟ್ಟಿದ್ದೀರಾ ಅಂತ ಡಾಕ್ಟರಮ್ಮ ಕೇಳಿದರು. ಬೈತಾರೆ ಅಂತ ಹೆದರಿ ಇಲ್ಲ ಅಂದೆ. ಚೀಟಿಯ ಆ ಮಾತ್ರೆಯನ್ನೇ ಅವಳಿಗೆ ಒಂದು ವರ್ಷದಲ್ಲಿ ನಾಲ್ಕು ಸಲ ಕೊಟ್ಟಿದ್ದೆ. ನನ್ನನ್ನು ನಂಬಿ ಅವರು ಮೂರು ದಿನ ಅದೇ ಔಷಧಿ ಏರಿಸಿದರು, ನಾಟಲಿಲ್ಲ. ತಿಥಿಯ ದಿನ ನೀನು ಅಡುಗೆಮನೆಯಲ್ಲಿ, ಅಜ್ಜಿಯನ್ನು ನಾನೇ ಕೊಂದೆ ಅಂತ ಅಳುತ್ತಿದ್ದೆ. ನಾನು ಬಾಗಿಲಲ್ಲೇ ಇದ್ದೆ, ಕೇಳಿಸಿತು, ಆಗಲೂ ಬಾಯಿ ಬಿಡಲಿಲ್ಲ. ನಿನ್ನ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಮೊದಲು ಮಾತ್ರೆ ತಿಂದಿಲ್ಲ ಅಂತ ಇದ್ದರೆ ಹೊಡೆದು ಹಾಕು. ಕೊಟ್ಟವನು ತಾತ ಅಂತ ಬರೆ.