ಬಾಣಂತಿಯ ಅಕ್ಕಿ

ಮಾಂಬಳ್ಳಿ
ಶುಕ್ರವಾರ, 23-2-1951

ಪ್ರೀತಿಯ ಮಗಳು ಶಿವರತ್ನಳಿಗೆ,

ಮೈ ಹೇಗಿದೆ ತಾಯಿ? ಸೊಂಟದ ನೋವು ಇಳಿಯಿತೇ? ಕೂಸು ಹಾಲು ಸರಿಯಾಗಿ ಕುಡಿಯುತ್ತಿದೆಯೇ? ನೀರು ಹಾಕಿದ ಮೇಲೆ ಸಾಂಬ್ರಾಣಿ ಹೊಗೆ ಹೆಚ್ಚು ಹಿಡಿಯಬೇಡಿ, ಎಳೆಯದಕ್ಕೆ ಕೆಮ್ಮು ಹತ್ತುತ್ತದೆ. ಕಿವಿಗೆ ಹತ್ತಿ ಇಟ್ಟುಕೊಳ್ಳದೆ ಹಿತ್ತಿಲ ಕಡೆ ಹೋಗಬೇಡ. ನಿನ್ನ ಅವ್ವ ಬದುಕಿದ್ದರೆ ಇದನ್ನೆಲ್ಲ ಅವಳೇ ಬಂದು ಹೇಳುತ್ತಿದ್ದಳು. ಗಂಡಸಾದ ನನಗೆ ತಿಳಿದಿರುವುದು ಇಷ್ಟೇ. ಇಲ್ಲಿ ನಾನು ಆರೋಗ್ಯವಾಗಿದ್ದೇನೆ. ಕರೀ ಹಸು ಹೆಣ್ಣುಗರು ಹಾಕಿದೆ. ನೀನು ನೆಟ್ಟ ನುಗ್ಗೆ ಈ ಸಲ ಹೂ ಬಿಟ್ಟಿದೆ.

ನಿನ್ನ ಕಾಗದ ಮೊನ್ನೆ ಬುಧವಾರ ತಲುಪಿತು. ನಾಲ್ಕು ಸಲ ಓದಿದೆ. ಅತ್ತೆಯ ಮೇಲೆ ನೀನು ಬರೆದದ್ದನ್ನು ಓದುವಾಗ ಪ್ರತಿ ಸಲವೂ ಕಾಗದವನ್ನು ಕೆಳಗಿಡಬೇಕಾಯಿತು. ಅಪ್ಪನ ಮನೆಯಿಂದ ಅಕ್ಕಿ ತರುತ್ತೇನೆ ಎಂದು ಹೋದವರು ಬರಿಗೈಲಿ ಬಂದರು, ಹೊಳೆ ದಾಟುವಾಗ ಜಾರಿ ಅಕ್ಕಿ ನೀರಿಗೆ ಬಿತ್ತು ಅನ್ನುತ್ತಾರೆ, ಈ ಬಿಸಿಲಿನಲ್ಲಿ ಮೊಣಕಾಲುದ್ದ ನೀರಿಲ್ಲದ ಹೊಳೆಯಲ್ಲಿ ಎಂಟು ಸೇರು ಅಕ್ಕಿ ಹೇಗೆ ಕೊಚ್ಚಿಹೋಗುತ್ತದೆ, ದಾರಿಯಲ್ಲೇ ಯಾರಿಗೋ ಮಾರಿಕೊಂಡಿರಬೇಕು ಎಂದು ಬರೆದಿದ್ದೀಯೆ. ಒಂದು ವಾರದಿಂದ ಅವಳ ಹತ್ತಿರ ಮಾತು ಬಿಟ್ಟಿರುವುದಾಗಿಯೂ ಬರೆದಿದ್ದೀಯೆ. ನೀನು ಕೇಳಿದ್ದು ಸರಿಯಾಗಿಯೇ ಇದೆ. ಹೊಳೆಯಲ್ಲಿ ಅಷ್ಟು ನೀರಿಲ್ಲ. ನಿನ್ನ ಅತ್ತೆ, ನನ್ನ ಅಕ್ಕ, ನಿನಗೆ ಹೇಳಿದ್ದು ಸುಳ್ಳು. ಆ ಸುಳ್ಳು ಯಾರಿಗೋಸ್ಕರ ಎಂಬುದನ್ನು ಹೇಳುವುದಕ್ಕೆ ಈ ಕಾಗದ ಬರೆಯುತ್ತಿದ್ದೇನೆ.

ನಮ್ಮದು ಮೈಸೂರು ಸೀಮೆ, ನಿಮ್ಮ ಕೊಳ್ಳೇಗಾಲ ಮದ್ರಾಸು ಸೀಮೆ ಎಂಬುದನ್ನು ನಿನ್ನ ಮದುವೆಯ ಕಾಲಕ್ಕೆ ಯಾರೂ ಮನಸ್ಸಿಗೆ ತಂದುಕೊಂಡಿರಲಿಲ್ಲ. ಅಕ್ಕನ ಮನೆಗೆ ಮಗಳನ್ನು ಕೊಡುತ್ತಿದ್ದೇನೆ, ಬೆಳಿಗ್ಗೆ ಗಾಡಿ ಕಟ್ಟಿದರೆ ಊಟದ ಹೊತ್ತಿಗೆ ಅಲ್ಲಿರುತ್ತೇನೆ, ಅಷ್ಟೇ ನನ್ನ ಯೋಚನೆ. ಆಮೇಲೆ ಅಕ್ಕಿ ರಾಗಿಗೆ ಸರ್ಕಾರದ ಕಂಟ್ರೋಲು ಬಂತು, ಗಡಿಯಲ್ಲಿ ತಪಾಸಣೆಯ ಗೇಟು ಬಂತು. ಆಗಲೂ ಮನೆ ಖರ್ಚಿಗೆಂದು ತಲೆಗೆ ನಾಲ್ಕು ಸೇರು ಒಯ್ಯಲು ಬಿಡುತ್ತಿದ್ದರು. ಈ ತಿಂಗಳ ಒಂದನೇ ತಾರೀಖಿನಿಂದ ಅದನ್ನೂ ರದ್ದು ಮಾಡಿದ್ದಾರೆ. ಪರ್ಮಿಟ್ಟು ಇಲ್ಲದೆ ಒಂದು ಹಿಡಿ ಅಕ್ಕಿಯೂ ಆಚೆ ದಾಟುವಂತಿಲ್ಲ. ಪಟೇಲನಾಗಿ ಊರಲ್ಲಿ ತಮಟೆ ಹೊಡೆಸಿ ಅದನ್ನು ಸಾರಿಸಿದವನು ನಾನೇ. ಸಾರಿಸಿದ ನಾಲ್ಕನೇ ದಿನ ಮಡಿಲಲ್ಲಿ ಎರಡು ಸೇರು ಕಟ್ಟಿಕೊಂಡು ಹೋಗುತ್ತಿದ್ದ ನಮ್ಮೂರ ಚಿಕ್ಕಮಾದಮ್ಮನನ್ನು ಗೇಟಿನಲ್ಲಿ ಹಿಡಿಸಿದೆ. ಅವಳೂ ಮಗಳ ಮನೆಗೇ ಹೊರಟಿದ್ದಳು. ಕೈ ಮುಗಿದಳು. ಕಾನೂನು ಎಲ್ಲರಿಗೂ ಒಂದೇ ಕಣಮ್ಮ ಎಂದು ಹತ್ತು ಜನರ ಎದುರಿಗೆ ದೊಡ್ಡ ದನಿಯಲ್ಲಿ ಹೇಳಿದೆ. ಇನ್‌ಸ್ಪೆಕ್ಟರು ಮೆಚ್ಚಿ ತಲೆದೂಗಿದರು. ನನಗೆ ಹಿಗ್ಗಾಯಿತು.

ಅದಾದ ವಾರಕ್ಕೆ, ಸೋಮವಾರ, ಅಕ್ಕ ಬಂದಳು. ರೇಷನ್ ಅಂಗಡಿಯ ಮುಗ್ಗಲು ಅಕ್ಕಿ ತಿಂದು ನಿನಗೆ ಹೊಟ್ಟೆನೋವು, ಕೂಸಿಗೆ ಭೇದಿ ಎಂದಳು. "ಬಾಣಂತಿಗೆ ಹಳೇ ಅಕ್ಕಿ ಬೇಕು ಕಣ್ಲಾ ಪುಟ್ಟಾ, ನಿನ್ ಮಗಳು ಸೊರಗಿ ಕಡ್ಡಿಯಾಗವ್ಳೆ" ಎಂದಳು. ತಾಯಿಯಿಲ್ಲದ ಮನೆಗೆ ಬಾಣಂತನಕ್ಕೆ ಕಳಿಸುವುದಿಲ್ಲ ಎಂದು ನಿನ್ನನ್ನು ತನ್ನಲ್ಲೇ ಇಟ್ಟುಕೊಂಡು ನೀರು ಹಾಕುತ್ತಿರುವವಳು ಅವಳು. ಇಲ್ಲ ಎನ್ನುವುದು ಹೇಗೆ? ನಾನೇ ಅಟ್ಟದಿಂದ ಅಕ್ಕಿ ಇಳಿಸಿ, ನನ್ನ ಕೈಯಲ್ಲೇ ಎಂಟು ಸೇರು ಅಳೆದು, ಕುಕ್ಕೆಯ ತಳಕ್ಕೆ ಹಾಕಿ ಮೇಲೆ ಹುಣಸೆಹಣ್ಣು ಮುಚ್ಚಿದೆ. ಅವಳು ಅಂಜಿದಳು. ಪಟೇಲನ ಅಕ್ಕನನ್ನು ಯಾರು ತಡೆಯುತ್ತಾರೆ, ಕೇಳಿದರೆ ನನ್ನ ಹೆಸರು ಹೇಳು ಎಂದು ನಾನೇ ಧೈರ್ಯ ತುಂಬಿ ಕಳಿಸಿದೆ.

ಮಧ್ಯಾಹ್ನ ಗೇಟಿನಿಂದ ಕರೆ ಬಂತು. ಯಾವುದೋ ಹೆಂಗಸು ಸಿಕ್ಕಿದ್ದಾಳೆ, ಮಹಜರಿಗೆ ಪಟೇಲರ ಸಹಿ ಬೇಕು ಎಂದು. ದಾರಿಯುದ್ದಕ್ಕೂ ಅವಳಾಗಿರದಿರಲಿ ಎಂದುಕೊಂಡೇ ಹೋದೆ. ಅವಳೇ. ಹುಣಸೆಹಣ್ಣನ್ನು ಒಂದು ಕಡೆ ಸುರಿದು, ಅಕ್ಕಿಯನ್ನು ಗೋಣಿತಟ್ಟಿನ ಮೇಲೆ ಹರಡಿದ್ದರು. ಅಕ್ಕ ಬಿಸಿಲಲ್ಲಿ ನಿಂತಿದ್ದಳು. ಸುತ್ತ ಗಾಡಿಯವರು, ಚಿಕ್ಕಮಾದಮ್ಮನ ಕೇರಿಯ ನಾಲ್ಕೈದು ಮಂದಿ ಹುಡುಗರು; ಅಕ್ಕ ಮದುವೆಯಾಗಿ ಹೋದ ಮೇಲೆ ಹುಟ್ಟಿದವರು, ಅವರಿಗೆ ಅವಳ ಗುರುತಿಲ್ಲ. ಇನ್‌ಸ್ಪೆಕ್ಟರು ನನ್ನನ್ನು ನೋಡಿ, "ಪಟೇಲರೇ, ಈಯಮ್ಮ ನಿಮ್ಮೂರ ಕಡೆಯಿಂದ ಬಂದದ್ದಂತೆ. ಗುರುತುಂಟೋ?" ಎಂದರು.

ಅಕ್ಕ ನನ್ನ ಮುಖ ನೋಡಿದಳು. ಅಲ್ಲಿಯತನಕ ಅವಳು ನನ್ನ ಹೆಸರು ಹೇಳಿರಲಿಲ್ಲ. ನಾನು ಬಂದು ಹೇಳಲಿ ಎಂದು ಕಾದಿದ್ದಳೋ, ನನ್ನ ಮರ್ಯಾದೆಗೆ ಅಂಜಿದ್ದಳೋ ತಿಳಿಯದು. ಪಟೇಲಿಕೆ, ಚಿಕ್ಕಮಾದಮ್ಮನಿಗೆ ಆಡಿದ ಮಾತು, ಸುತ್ತ ನಿಂತವರ ಕಣ್ಣು, ಎಲ್ಲವೂ ಒಟ್ಟಿಗೇ ತಲೆಗೆ ಬಂತು. "ಗೊತ್ತಿಲ್ಲ ಸ್ವಾಮಿ, ಆಚೆ ಸೀಮೆಯವರಿರಬೇಕು" ಎಂದುಬಿಟ್ಟೆ.

ರತ್ನಾ, ನಮ್ಮವ್ವ ಸತ್ತಾಗ ನನಗೆ ಮೂರು ವರ್ಷ. ನನ್ನನ್ನು ಸೊಂಟದಲ್ಲಿ ಹೊತ್ತು ಬೆಳೆಸಿದವಳು ಈ ಅಕ್ಕ. ಅವಳನ್ನು ಗೊತ್ತಿಲ್ಲ ಎಂದೆ.

ಅವಳು ಸೆರಗನ್ನು ಹಣೆಯ ಮೇಲಕ್ಕೆ ಎಳೆದುಕೊಂಡಳು. "ಅವ್ರು ಯಾರೋ ನಂಗೂ ಗೊತ್ತಿಲ್ಲ ಕಣ್ರಪ್ಪ. ಅಕ್ಕಿಯ ಸಂತೇಲಿ ತಕಂಡಿವ್ನಿ" ಎಂದಳು. ತಂದೆಯ ಹೆಸರು ಕೇಳಿದರು. ನಮ್ಮಪ್ಪನ ಹೆಸರು ಹೇಳಿದರೆ ಊರವರ ಮುಂದೆ ನಾನು ಸಿಕ್ಕಿಬೀಳುತ್ತೇನೆಂದು, "ರುದ್ರಸ್ವಾಮಿ ತಾಯಿ ದೊಡ್ಡಬಸಮ್ಮ ಅಂತ ಬರಕಳಿ, ಕೊಳ್ಳೇಗಾಲ" ಎಂದು ಮಗನ ಹೆಸರು ಕೊಟ್ಟಳು. ಹೆಬ್ಬೆಟ್ಟು ಒತ್ತಿದಳು. ಅದರ ಪಕ್ಕದಲ್ಲೇ ನಾನು ಸಹಿ ಹಾಕಿದೆ. ಅಕ್ಕಿ ಜಪ್ತಿಯಾಯಿತು. ವಿಚಾರಣೆಗೆ ಕರೆದಾಗ ಬರಬೇಕೆಂದು ಹೇಳಿ ಅವಳನ್ನು ಬಿಟ್ಟರು. ಖಾಲಿ ಕುಕ್ಕೆ ಹಿಡಿದು ಹೊರಟಳು. ತಳವಾರ ಪುಟ್ಟಸಿದ್ದಯ್ಯ ಓಡಿಹೋಗಿ ಅವಳಿಗೆ ಒಂದು ಚೊಂಬು ನೀರು ಕೊಟ್ಟ. ನಾನು ನಿಂತಲ್ಲೇ ನಿಂತಿದ್ದೆ.

ಹಿಂದಿರುಗುವಾಗ ಪುಟ್ಟಸಿದ್ದಯ್ಯ ನನ್ನ ಹಿಂದೆಯೇ ಬರುತ್ತಿದ್ದ. ಅವನಿಗೆ ಅಕ್ಕನ ಗುರುತು ಚಿಕ್ಕಂದಿನಿಂದ ಇದೆ. ನಮ್ಮ ಜಗಲಿ ತಲುಪಿದ ಮೇಲೆ, "ಬುದ್ದಿ, ನಾನು ಯಾರ್ಗೂ ಏಳಕಿಲ್ಲ" ಎಂದ. ಅವನು ಬೈದಿದ್ದರೆ ಚೆನ್ನಾಗಿತ್ತು. ಅವನು ನನ್ನನ್ನು ಕಾಪಾಡುತ್ತೇನೆ ಎಂದದ್ದನ್ನು ಕೇಳಿ ತಲೆ ಎತ್ತಲಾಗಲಿಲ್ಲ. ಅಂದಿನಿಂದ ಗೇಟಿನ ಕಡೆ ಹೋಗಿಲ್ಲ, ಜ್ವರ ಎಂದು ಹೇಳಿಕೊಂಡು ನಿನ್ನೆಯವರೆಗೂ ಒಳಗೇ ಕುಳಿತಿದ್ದೆ. ಚಿಕ್ಕಮಾದಮ್ಮ ಬಾಗಿಲ ಮುಂದೆ ಹಾದುಹೋದರೆ ಕಂಬದ ಮರೆಗೆ ಸರಿಯುತ್ತೇನೆ.

ಇಷ್ಟರ ಮೇಲೆ ನಿನ್ನ ಕಾಗದ ಬಂತು. ಗೇಟಿನಲ್ಲಿ ನನ್ನನ್ನು ಉಳಿಸಿದ್ದು ಸಾಲದು ಎಂದು ಮನೆಯಲ್ಲಿ ನಿನ್ನ ಮುಂದೆಯೂ ಉಳಿಸಿದ್ದಾಳೆ. ನೀನು ಕಳ್ಳಿ ಎಂಬಂತೆ ನೋಡಿದರೂ ತುಟಿ ಬಿಚ್ಚದೆ ನಿನಗೆ ನೀರು ಹಾಕುತ್ತಿದ್ದಾಳೆ, ಕೂಸಿನ ಬಟ್ಟೆ ಒಗೆಯುತ್ತಿದ್ದಾಳೆ. ಈ ಕಾಗದವನ್ನು ಒಬ್ಬಳೇ ಓದಿ ಮಡಿಸಿಡಬೇಡ. ಅಳಿಯಂದಿರ ಎದುರಿಗೆ, ಅಕ್ಕನ ಎದುರಿಗೆ ಗಟ್ಟಿಯಾಗಿ ಓದು. ಅವಳು ತಡೆದರೂ ನಿಲ್ಲಿಸಬೇಡ. ಓದಿ ಮುಗಿಸಿ ಅವಳ ಕಾಲು ಹಿಡಿ. ನನ್ನ ಪರವಾಗಿ ಬೇಡ, ನಿನ್ನ ತಪ್ಪಿಗೆ ನೀನು ಹಿಡಿ. ನನ್ನದು ನಾನೇ ಬಂದು ಕೇಳಬೇಕಾದದ್ದು. ನನ್ನ ಮುಖ ನೋಡುವ ಮನಸ್ಸು ಅವಳಿಗಿದೆಯೇ ಎಂದು ಮಾತ್ರ ತಿಳಿದು ಬರೆ. ಇಲ್ಲವೆಂದರೆ ಒತ್ತಾಯ ಮಾಡಬೇಡ.

ಬೆಟ್ಟದ ಮಾದಪ್ಪ ನಿನ್ನನ್ನೂ ಕೂಸನ್ನೂ ತಣ್ಣಗಿಟ್ಟಿರಲಿ. ಅಳಿಯಂದಿರಿಗೆ ನನ್ನ ನೆನಪು ತಿಳಿಸು. ಅಕ್ಕನಿಗೆ ಏನೆಂದು ಬರೆಯಲಿ, ತಿಳಿಯದು.

ನಿನ್ನ ಅಪ್ಪ,
ಪುಟ್ಟಮಲ್ಲಪ್ಪ

ಮಡಿಸುವ ಮೊದಲು ಇನ್ನೊಂದು ಮಾತು, ಇದನ್ನು ಮಾತ್ರ ಅಕ್ಕನ ಎದುರಿಗೆ ಓದಬೇಡ: ಇಂದು ಬೆಳಿಗ್ಗೆಯೇ ಯಳಂದೂರಿಗೆ ಹೋಗಿ ಕಚೇರಿಯಲ್ಲಿ ಹೇಳಿಕೆ ಬರೆದುಕೊಟ್ಟು ಬಂದೆ. ಆಕೆ ನನ್ನ ಒಡಹುಟ್ಟಿದ ಅಕ್ಕ, ಅಕ್ಕಿ ನನ್ನ ಮನೆಯದು, ಅಳೆದು ಕೊಟ್ಟವನು ನಾನು, ಮಹಜರಿನ ಹೊತ್ತಿಗೆ ಸುಳ್ಳು ಹೇಳಿದವನೂ ನಾನು ಎಂದು. ಪಟೇಲಿಕೆ ಹೋಗುತ್ತದೆ, ಹೋಗಲಿ. ಬರುವ ವಾರ ಅಕ್ಕನನ್ನು ವಿಚಾರಣೆಗೆ ಕರೆಯುತ್ತಾರೆ. ಅಲ್ಲಿಯೂ ಅವಳು ಸಂತೆಯ ಅಕ್ಕಿ ಎಂದರೆ ನನ್ನ ಹೇಳಿಕೆ ಬಿದ್ದುಹೋಗಿ ನಾನು ಪಾರಾಗುತ್ತೇನೆ, ಶಿಕ್ಷೆ ಅವಳಿಗಾಗುತ್ತದೆ. ಇದು ತಿಳಿದರೆ ಅವಳು ಹಾಗೆಯೇ ಹೇಳುವವಳು. ಅಳಿಯಂದಿರನ್ನು ಅವಳ ಜೊತೆ ಕಳಿಸು. ಅವಳ ಬಾಯಿಂದ ನನ್ನ ಹೆಸರು ಹೇಳಿಸು.